ತೂಬಿನ ಎರಡನೇ ಅಡ್ಡಗಲ್ಲು

ಬೆಳಿಗ್ಗೆ ಒಂಬತ್ತೂವರೆ, ಬಿಸಿಲಿನ್ನೂ ಎಳೆ.
ಶ್ರೀನಿವಾಸಪುರ ದಾಟಿ ಗುಂಡ್ಲಹಳ್ಳಿ ಕೆರೆಯಂಗಳದಲ್ಲಿ
ಮೊಣಕಾಲಿನವರೆಗೆ ಕೆಸರು,
ಎದೆಯ ಮೇಲೆ ದುರ್ಬೀನು, ಬಾಯಲ್ಲಿ ಪೆನ್ಸಿಲ್ಲು.

ಜೊಂಡಿನ ತುದಿಗೆ ಹಣ್ಣು ಮೆಣಸಿನಕಾಯಿ
ಅಂದುಕೊಂಡೆ. ಕಾಯಿ ತಲೆ ತಿರುಗಿಸಿತು.
ಬರೆದುಕೊಂಡೆ: ಗಂಡು. ಕಾಲೂ ಕೆಂಪು.
ಬೆನ್ನುದ್ದಕ್ಕೆ ಕೂದಲೆಳೆಯಷ್ಟು ಕಪ್ಪು,
ರೆಕ್ಕೆಯ ಬುಡದಲ್ಲಿ ಜೇನು ಸೋರಿದ ಕಲೆ.

ಆಚೆ ಹಸಿರು ಪಟ್ಟೆಯದು, ಸಣ್ಣ ಸೊಂಟದ್ದು,
ತನ್ನಂಥದೇ ಇನ್ನೊಂದರ ತಲೆ ಹಿಡಿದು
ಅಗಿಯುತ್ತಿದೆ, ಅವಸರವಿಲ್ಲದೆ,
ಬಸ್ಸು ಕಾಯುತ್ತಾ ಕಡಲೆಕಾಯಿ ತಿನ್ನುವವರ ಹಾಗೆ.

ಮೂರನೆಯದು ತಪ್ಪಿತು.
ಕಿತ್ತಳೆ ರೆಕ್ಕೆ; ಪುಟ ತಿರುವುವಷ್ಟರಲ್ಲಿ ಎದ್ದುಹೋಗಿ
ಯಾವುದೋ ಬೇರೆ ಹೆಸರು ಗೀಚಿದೆ.

‘ತೂನೀಗ ಸಾರ್ ಅದು,’ ಅಂದ ಪಿಳ್ಳಪ್ಪ.
ಎಲ್ಲವೂ ತೂನೀಗವೇ?
‘ಹೆಸರು ಒಂದೇ. ಕೂರೋ ಜಾಗ ಬೇರೆ.’

ನೀರುಗಂಟಿ. ಅಪ್ಪನಿಂದ ಬಂದ ಕೆಲಸ.
ತೂಬಿನ ಸರಳು ತುಕ್ಕು ಹಿಡಿದು ಎಷ್ಟೋ ವರ್ಷ.
ಆದರೂ ದಿನಾ ಬಂದು ನೀರು ನೋಡಿ ಹೋಗುತ್ತಾನೆ.

‘ಕೆಂಪಂದು ಜೊಂಡು ಬಿಟ್ಟು ಕದಲಲ್ಲ.
ಕಿತ್ತಳೇದು ನೀರು ಕೆಟ್ಟಷ್ಟೂ ಜಾಸ್ತಿ.
ಹಳದೀದು ಕೂರೋದೇ ಕಾಣೆ,
ಮಳೇನ ಹಿಂದೆ ಕಟ್ಕೊಂಡು ಬತ್ತದೆ.
ಎರಡನೇ ಅಡ್ಡಗಲ್ಲು ಮುಳುಗಿದ ವರ್ಷ
ಅದರ ಮೇಲ್ಗಡೆ ಒಂದು ನೀಲಿ ಬಂದು ಕುಂತಿತ್ತು.
ಆಮೇಲಿಲ್ಲ.’

ಎಂಥಾ ನೀಲಿ? ಬೂದಿ ಬಳಿದಂಥದೇ?
ಕಣ್ಣು ಯಾವ ಬಣ್ಣ? ರೆಕ್ಕೆಯ ತುದಿಯಲ್ಲಿ ಮಚ್ಚೆ?
ಅವನು ಯೋಚಿಸಿ ಲುಂಗಿಯ ಅಂಚು ತೋರಿಸಿದ:
‘ಇದು ಹೊಸದ್ರಲ್ಲಿ ಹೆಂಗಿತ್ತೋ ಹಂಗೆ.’
ಪುಸ್ತಕದಲ್ಲಿ ಬರೆದೆ: ನೀಲಿ. ಪ್ರಶ್ನಾರ್ಥಕ ಚಿಹ್ನೆ.
ಅದರ ಮುಂದೆ, ಲುಂಗಿ.

ಏರಿಯ ಮೇಲೆ, ಬುಡ ಸಡಿಲಾಗಿ ಮಲಗಿದೆ
ಹೂಳೆತ್ತಿದ ಕಾಮಗಾರಿಯ ಕರೀ ಗ್ರಾನೈಟು,
ಚಿನ್ನದ ಬಣ್ಣದಲ್ಲಿ ಹನ್ನೊಂದು ಹೆಸರು.
ಪಾಲಿಶ್ ಇನ್ನೂ ಮಾಸಿಲ್ಲ; ಒಳಗೆ ಮೋಡ ಸರಿಯುತ್ತಿದೆ.
ಒಂದು ಹೆಣ್ಣು ಅದರ ಮೇಲೆ ಇಳಿದಿಳಿದು
ಬಾಲ ಅದ್ದುತ್ತಿತ್ತು,
ಟಪ್, ಮತ್ತೆ ಟಪ್,
ಕೆರೆ ಹತ್ತೇ ಮಾರು ಆಚೆ ಇದ್ದರೂ.
ಸದಸ್ಯರೊಬ್ಬರ ಇನಿಷಿಯಲ್ಲಿನ ಮೇಲೆ
ಮೊಟ್ಟೆ ಒಣಗುತ್ತಿದ್ದವು.

ಪಿಳ್ಳಪ್ಪ ಹೆಗಲ ಟವೆಲ್ಲು ತೆಗೆದು
ಮಗುವಿಗೆ ಹೊದಿಸುವಂತೆ ಕಲ್ಲಿಗೆ ಹೊದಿಸಿದ.
ದಿನಾ ಹೀಗೆಯೇ?
‘ಬಿಸಿಲು ಇಳಿಯೋಗಂಟ.’
ಅದು ಎರಡು ಸುತ್ತು ಹಾಕಿತು, ಗೊಂದಲದಲ್ಲಿ,
ಆಮೇಲೆ ನೀರಿನ ಕಡೆಗೆ.

ಯಾವ ಜಾತಿಯದೆಂದು
ನೋಡಿಕೊಳ್ಳಲು ಮರೆತಿದ್ದೆ.