ಏಳಲು ಹಿಡಿದ ಹೊತ್ತು

ಗುರುವಾರದೊಳಗೆ ವರದಿ ಬೇಕಂತೆ.
ಲಮಾಂಟ್ ಗಿಡ್ರಿ, ಅಂಗಿ ತೊಂಬತ್ತಮೂರು,
ವಯಸ್ಸು ಮೂವತ್ತನಾಲ್ಕು, ಹನ್ನೆರಡು ಹಂಗಾಮು.
ತೂಕ: ಅವನು ಹೇಳಿದ್ದು ಒಂದು, ತಕ್ಕಡಿ ಹೇಳಿದ್ದು ಒಂದು.
ಇಟ್ಟುಕೊಳ್ಳಬೇಕೆ, ಬಿಡಬೇಕೆ.
ಕಿಟಕಿಯಾಚೆ ಬಫಲೋ, ಫೆಬ್ರವರಿ;
ಸುಣ್ಣ ಬಳಿದ ಗೋಡೆಯೊಂದು ಅಂಗಾತ ಬಿದ್ದಂತೆ
ಈರಿ ಸರೋವರ.

ಅಂಕಿಸಂಖ್ಯೆಯ ಹುಡುಗ ಎಲಿಯಟ್ ಸ್ಟ್ರಾಂಡ್
ಮೂರು ಬಣ್ಣದ ಹಾಳೆ ಕಳಿಸಿದ್ದಾನೆ.
ವರ್ಷವಿಡೀ ಕ್ವಾರ್ಟರ್‌ಬ್ಯಾಕನ್ನು ಕೆಡವಿದ್ದು ಒಂದೂವರೆ ಸಲ.
ಆ ಅರ್ಧ ಯಾವುದೆಂದು ನನಗೆ ಗೊತ್ತು:
ಇನ್ನೊಬ್ಬ ಸೊಂಟ ಹಿಡಿದಿದ್ದ, ಇವನು ಮೇಲೆ ಬಿದ್ದ.
ಮೊದಲ ಹೆಜ್ಜೆ ನಿಧಾನ.
ಪಂದ್ಯಕ್ಕೆ ಇಪ್ಪತ್ತಾರು ಸರದಿ, ಹಿಂದೆ ನಲವತ್ತೊಂದಿತ್ತು.
ಕೊನೆಯಲ್ಲಿ ಕೆಂಪಕ್ಷರ: ಇಳಿಮುಖ.

ಹುಡುಗ ಸುಳ್ಳು ಹೇಳುವವನಲ್ಲ.

ಹನ್ನೆರಡು ವರ್ಷದ ಹಿಂದೆ ಲೂಸಿಯಾನಾದ ಒಂದು ಜಿಮ್ಮಿನಲ್ಲಿ
ಇವನ ತೋಳಿಗೆ ಟೇಪು ಹಿಡಿದವಳು ನಾನೇ.
ಗಿಡ್ಡವಾಯಿತು, ನಮಗೆ ಬೇಡ, ಎಂದು ಬರೆದಿದ್ದೆ.
ಆ ಗಿಡ್ಡ ತೋಳಿನಲ್ಲೇ ಇಷ್ಟು ವರ್ಷ ದುಡಿದು ಉಂಡಿದ್ದಾನೆ.

ನಮ್ಮಪ್ಪ ನೆಬ್ರಾಸ್ಕಾದಲ್ಲಿ ದನದ ಹರಾಜು ಕೂಗುತ್ತಿದ್ದ.
ಹಲ್ಲೆಣಿಸುವುದು ಎಳೆಯವಕ್ಕೆ, ಅನ್ನುತ್ತಿದ್ದ;
ಬಾಯಿಗೂಡಿದ ಮೇಲೆ ಹಲ್ಲು ಬಾಯಿ ಬಿಡುವುದಿಲ್ಲ ಮಗಳೇ.
ನಡೆಸಿ ನೋಡು.
ಮಲಗಿದ್ದು ಹೇಗೆ ಏಳುತ್ತದೆ, ಅದನ್ನು ನೋಡು.

ಅದಕ್ಕೇ ದೀಪ ಆರಿಸಿ ಕೂತಿದ್ದೇನೆ,
ಲೋಟದಲ್ಲಿ ಕೆನೆಗಟ್ಟಿದ ಸೂಪು,
ಬೆರಳು ಗುಂಡಿಯ ಮೇಲೆ: ಹಿಂದೆ, ಮುಂದೆ, ಹಿಂದೆ.

ಹದಿನಾಲ್ಕನೆಯ ವಾರ. ಮೂರನೆಯ ಡೌನ್, ಒಂದು ಗಜ ಬಾಕಿ.
ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಸೆಂಟರ್,
ಪಕ್ಕದಿಂದ ಗಾರ್ಡ್; ಇಬ್ಬರೂ ಕೂಡಿ
ಮುನ್ನೂರು ಕೇಜಿಗೆ ಹತ್ತು ಕಮ್ಮಿ.
ಚೆಂಡು ಅಲುಗಿತು.
ಇವನು ಮುಂದೆ ಹೋಗಲಿಲ್ಲ. ಹಿಂದೆಯೂ ಹೋಗಲಿಲ್ಲ.
ಒಂದು ಮಂಡಿಯೂರಿ,
ಎಡಗೈ ಒಬ್ಬನ ಎದೆಗೆ, ಹೆಗಲು ಇನ್ನೊಬ್ಬನ ಪಕ್ಕೆಗೆ ಕೊಟ್ಟು
ಬಾಗಿಲಿಗೆ ಅಡ್ಡ ಎಳೆದಿಟ್ಟ ಬೀರುವಿನಂತೆ
ಸುಮ್ಮನೆ ಇದ್ದ.
ಅವನ ಬೆನ್ನ ಮರೆಯಿಂದ, ಯಾರ ಕೈಯೂ ಸೋಕದೆ,
ಇಪ್ಪತ್ತೆರಡರ ಲೈನ್‌ಬ್ಯಾಕರ್ ಕೋಡಿ ವೆಸ್ಟರ್‌ಲಂಡ್ ನುಗ್ಗಿ
ಚೆಂಡು ಹಿಡಿದವನನ್ನು ಅಲ್ಲೇ ಮಲಗಿಸಿದ.
ಕ್ರೀಡಾಂಗಣವೆಲ್ಲ ಕೂಗಿದ್ದು ಕೋಡಿಯ ಹೆಸರು.
ಎಲಿಯಟ್‌ನ ಹಾಳೆಯಲ್ಲಿ
ಆ ಆಟದ ಎದುರು, ಗಿಡ್ರಿಗೆ ಸೊನ್ನೆ.

ಈ ಸೊನ್ನೆಗೆ ಏನು ಬೆಲೆ ಕಟ್ಟಲಿ?

ಶಿಳ್ಳೆಯ ನಂತರದ್ದನ್ನು ಯಾರೂ ನೋಡುವುದಿಲ್ಲ,
ಅದನ್ನು ಕತ್ತರಿಸಿಯೇ ನಮಗೆ ಕೊಡುತ್ತಾರೆ.
ನೆಲಮಾಳಿಗೆಯ ರಫಾಯೆಲಾಳನ್ನು ಕಾಡಿ
ಕತ್ತರಿ ಬೀಳದ್ದನ್ನು ತರಿಸಿಕೊಂಡೆ.
ಗಡಿಯಾರ ಹಿಡಿದೆ.
ಸೆಪ್ಟೆಂಬರಿನಲ್ಲಿ ನೆಲ ಬಿಟ್ಟೇಳಲು ಎರಡು ಸೆಕೆಂಡು,
ನವೆಂಬರಿನಲ್ಲಿ ಮೂರು.
ಇಲ್ಲಿ ಐದೂವರೆ.
ಮೊದಲು ಅಂಗೈ. ಆಮೇಲೆ ಬಲಗಾಲು.
ಆಮೇಲೆ ಹುಲ್ಲಿಗೆ ಏನೋ ಗುಟ್ಟು ಹೇಳುವವನಂತೆ
ತಲೆ ತಗ್ಗಿಸಿ ಅಲ್ಲೇ ಉಳಿದ.
ಕೊನೆಗೆ ಆ ಸೆಂಟರ್, ಇಷ್ಟು ಹೊತ್ತು
ಇವನನ್ನು ನೆಲಕ್ಕೆ ಅರೆಯುತ್ತಿದ್ದವನು,
ಮೊಣಕೈ ಹಿಡಿದು ಎತ್ತಿದ.
ಅತ್ತಿತ್ತ ನೋಡಿ, ಬೇಗ.
ಅವನಿಗೂ ಮೂವತ್ತಮೂರು ದಾಟಿದೆ;
ಅವನನ್ನೂ ಯಾವ ಊರಿನಲ್ಲೋ ಒಬ್ಬರು
ಕತ್ತಲಲ್ಲಿ ಕೂತು ನೋಡುತ್ತಿರಬೇಕು.

ಬರೆದೆ.
ಕೈ: ಈಗಲೂ ಮೊದಲು ತಾಗುವುದು ಅವನದೇ.
ಮಂಡಿ: ವೈದ್ಯರನ್ನು ಕೇಳಿ.
ಬೆಲೆ: ಒಂದೇ ವರ್ಷ, ಹಳೆಯದರ ಅರ್ಧ.
ಪಂದ್ಯಕ್ಕೆ ಹದಿನೆಂಟು ಸರದಿ ಮೀರದಂತೆ.
ಏಳಲು ಹಿಡಿದ ಹೊತ್ತು, ಐದೂವರೆ.
ಅದನ್ನು ಅಳಿಸಿದೆ.
ಸೂಪು ಕುಡಿದೆ, ಉಪ್ಪಾಗಿತ್ತು.
ಮತ್ತೆ ಬರೆದೆ; ಸಂಬಳ ತಿನ್ನುವುದು ಇದಕ್ಕೇ.

ಕೆಳಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು:
ಇವನನ್ನು ಬಿಡುವುದಾದರೆ
ಕೋಡಿಯನ್ನೂ ಹೊಸದಾಗಿ ಅಳೆಯಿರಿ.