ಕೀಲಿ ತಿರುವು, ಗಾಡಿ ಹಚ್ಚಬ್ಯಾಡ

ದಿನಾ ಮೊದಲು ಇದನ್ನೇ ಹೇಳುತ್ತೇನೆ ಖಲಂದರನಿಗೆ:
ಕೀಲಿ ತಿರುವು, ಗಾಡಿ ಹಚ್ಚಬ್ಯಾಡ.
ಹಚ್ಚಿದ ಮೇಲೆ ಎಂಜಿನ್ ತನ್ನ ಪುರಾಣ ಶುರು ಮಾಡುತ್ತದೆ,
ಬೇರೆ ಯಾರ ಮಾತೂ ಕೇಳಿಸುವುದಿಲ್ಲ.
ಸುಮ್ಮನಿರುವ ಎಂಜಿನ್ನಿನೊಳಗೆ ಇರುವುದು ಊರ ಗಾಳಿಯೇ,
ಕೌಲ್‌ಬಜಾರಿನ ಗಾಳಿ, ಅದಿರಿನ ಕೆಂಪು, ಮಿರ್ಚಿ ಕರಿದ ಎಣ್ಣೆ,
ಮೇ ತಿಂಗಳ ನಲವತ್ತೆರಡು ಡಿಗ್ರಿ.
ಒತ್ತಡದ ಸೆನ್ಸರ್ ಆಗ ಹೇಳಬೇಕಾದ್ದು ಒಂದೇ ಅಂಕಿ:
ಬಳ್ಳಾರಿಗೆ ತೊಂಬತ್ತಾರು. ಒಂದು ಹೆಚ್ಚು, ಒಂದು ಕಮ್ಮಿ.

ಸುಂಕಮ್ಮನ ವ್ಯಾನು ಅರವತ್ತೊಂದು ಅಂದಿತು.

ಸ್ಕ್ಯಾನರಿನ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದೆ.
ಅರವತ್ತೊಂದು.
ಅಷ್ಟು ತೆಳು ಗಾಳಿಗೆ ನಮ್ಮ ಕೋಟೆ ಗುಡ್ಡವನ್ನು
ಒಂದರ ಮೇಲೊಂದು ಇಪ್ಪತ್ತೈದು ಮೂವತ್ತು ಸಲ ಪೇರಿಸಬೇಕು.
ಹಿಂದಿನ ಸೀಟು ಕಿತ್ತು, ಜೀನ್ಸ್ ಪೀಸುಗಳ ಗಂಟು ತುಂಬಿಕೊಂಡು
ತಗಡಿನ ಶೆಡ್ಡಿನ ಕೆಳಗೆ ನಿಂತ ವ್ಯಾನು
ತಾನು ಹಿಮದ ಬೆಟ್ಟದಲ್ಲಿದ್ದೇನೆ ಅಂದುಕೊಂಡಿತ್ತು.

"ಉಸ್ತಾದ್, ಇದಕ್ಕ ಚಳಿ ಹತ್ತೇತಿ" ಅಂದ ಖಲಂದರ್.
ಸುಂಕಮ್ಮ ನಗಲಿಲ್ಲ. ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದಳು,
ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ನೀಲಿ.

ಸೆನ್ಸರನ್ನೇ ಬೈಯುವ ಹಾಗಿಲ್ಲ ಇನ್ನೂ.
ಎಷ್ಟೋ ಸಲ ತಂತಿ ಸುಳ್ಳು ಹೇಳಿಸುತ್ತದೆ.
ಮೀಟರಿನ ಮುಳ್ಳು ಚುಚ್ಚಿದೆ: ಐದು ವೋಲ್ಟು ಬರುತ್ತಿದೆ.
ಅರ್ಥ್ ಸರಿ ಇದೆ. ಇಲಿ ಕಡಿದಿಲ್ಲ.
ಬಿಚ್ಚಿ, ಮಸಿ ಒರೆಸಿ, ಕೈಪಂಪು ಸಿಕ್ಕಿಸಿ ಗಾಳಿ ಎಳೆದೆ.
ಪಂಪಿನ ಮುಳ್ಳು ಇಳಿಯಿತು; ಸ್ಕ್ಯಾನರ್ ಅರವತ್ತೊಂದು.
ಬಿಟ್ಟೆ, ಅರವತ್ತೊಂದು.
ಬಾಯಿ ಹಚ್ಚಿ ಊದಿದೆ.
ಯಾರೋ ಕಲಿಸಿ ಕಳಿಸಿದ ಸಾಕ್ಷಿಯ ಹಾಗೆ
ಯಾವ ಪ್ರಶ್ನೆಗೂ ಅದೇ ಉತ್ತರ.

"ಅಕ್ಕಾ, ಹಿಂಗ ನೋಡು. ಗಾಡಿ ನಿಂತಲ್ಲೇ ಓಡುವಾಗ
ಒಳಗ ಮೂವತ್ತೈದು ಇರ್ತೈತಿ. ಇದು ಅರವತ್ತೊಂದು ಅಂತೈತಿ.
ಅದನ್ನ ನಂಬಿ ಪೆಟ್ರೋಲ್ ಸುರೀತೈತಿ.
ಏರಿನ್ಯಾಗ ತೊಂಬತ್ತು ಇದ್ದಾಗೂ ಅದೇ ಅರವತ್ತೊಂದು,
ಹೊಟ್ಟಿಗಿಲ್ಲದ ಎಳಿಯಂಗಿಲ್ಲ."

"ನಿಂತಲ್ಲೇ ಕುಡೀತೈತಿ?"
"ಹೂಂ. ಸುಧಾ ಕ್ರಾಸ್ ಗೇಟ್ ಬಿದ್ದಾಗೆಲ್ಲ."

ಆಮೇಲೆ ಅವಳು ಮಾತಾಡಲಿಲ್ಲ.
ಉಗಾದಿಗೆ ಮೊದಲು ಡ್ರೈವರ್ ಎರ್ರಿಸ್ವಾಮಿಯನ್ನು ಬಿಡಿಸಿದ್ದಳು.
ಶನಿವಾರ ಶನಿವಾರ ಎರಡು ಲೀಟರ್ ಕಮ್ಮಿ ಬೀಳುತ್ತಿತ್ತು ಲೆಕ್ಕದ ಪುಸ್ತಕದಲ್ಲಿ,
ಅವನ ಅಂಗಿ ಪೆಟ್ರೋಲು ನಾರುತ್ತಿತ್ತು.
ಇದೇ ಶೆಡ್ಡಿನ ಮುಂದೆ ನಿಂತು ಕೇಳಿದ್ದಳು,
"ಕದ್ದು ಮಾರ್ತಾನಾ ಹೊನ್ನೂರಪ್ಪಾ?"
ಸ್ಪ್ಯಾನರ್ ಒರೆಸುತ್ತಾ ನಾನು ಅಂದಿದ್ದೆ,
"ಇದ್ದರೂ ಇರಬಹುದು."
ಬಾನೆಟ್ ಎತ್ತಿರಲಿಲ್ಲ.
ಕೀಲಿ ಕೂಡ ತಿರುವಿರಲಿಲ್ಲ.

ಕ್ಲಚ್ಚಿಗೆ ಬಂದು ನಿಂತಿದ್ದ ಅದೇ ಕಂಪನಿಯ ಇನ್ನೊಂದು ವ್ಯಾನಿನ ಸೆನ್ಸರ್ ಬಿಚ್ಚಿ
ಇದಕ್ಕೆ ಹಾಕಿ ನೋಡಿದೆ.
ತೊಂಬತ್ತಾರು.
ಗುಡ್ಡ ಇಳಿದು ಬಂತು ಗಾಡಿ.

ಹೊಸದು ತರಲು ಹುಡುಗ ಮೋತಿ ಸರ್ಕಲ್ಲಿಗೆ ಹೋಗಿ ಬಂದ.
"ಎಷ್ಟಾತು?"
"ಸಾಮಾನಿಂದು ಸಾವಿರದ ಎಂಟುನೂರು. ಕೂಲಿ ಬ್ಯಾಡ."
ಯಾಕೆ ಬೇಡ ಅಂತ ಅವಳು ಕೇಳಲಿಲ್ಲ.

ಹಳೆಯದನ್ನು ತಗಡಿನ ಡಬ್ಬಕ್ಕೆ ಎಸೆಯಲು ಖಲಂದರ್ ಕೈ ಎತ್ತಿದ್ದ.
"ತಾ ಇಲ್ಲಿ."
ಹೆಬ್ಬೆರಳಷ್ಟು ಕಪ್ಪು ಪ್ಲಾಸ್ಟಿಕ್ಕು, ಮೂರು ಪಿನ್ನು.
ಜೀನ್ಸ್ ಚೂರಿನಲ್ಲಿ ಸುತ್ತಿ, ಎಲೆಚೀಲದಲ್ಲಿ ಇಟ್ಟುಕೊಂಡಳು.

"ಬಂಡಿಹಟ್ಟ್ಯಾಗ ಅದಾನೋ, ಹೊಸಪೇಟಿಗೆ ಹೋದನೋ"
ಅಂದಳು, ನನಗಲ್ಲ, ಸ್ಟೇರಿಂಗಿಗೆ.
ಕೀಲಿ ತಿರುವಿದಳು. ದೀಪಗಳೆಲ್ಲ ಹತ್ತಿದವು.
ಗಾಡಿ ಹಚ್ಚದೆ
ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.