ಸುತ್ತುವಾಗ ಮಾತಾಡಿಸಬೇಡಿ

ಅರಸೀಕೆರೆ ಸ್ಟೇಷನ್ನಿನ ಶಂಟಿಂಗ್ ಸದ್ದು ಕೇಳುವಷ್ಟು ದೂರದಲ್ಲಿ
ಬುಡೇನ್ ಸಾಬರ ರೀವೈಂಡಿಂಗ್ ಅಂಗಡಿ.
ಒಳಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದೆ:
ಸುತ್ತುವಾಗ ಮಾತಾಡಿಸಬೇಡಿ.

ಚರ್ಚಿನ ಬೋರಿನ ಮೋಟಾರು ಸುಟ್ಟುಹೋಯಿತೆಂದು
ಗರಿಗಳ ಭಾನುವಾರದ ಮುನ್ನಾದಿನ ಆಟೋದಲ್ಲಿ ತಂದಿದ್ದೆ.
ಆಮೇಲೆ ಕಾರಣವಿಲ್ಲದೆ ಬರತೊಡಗಿದೆ,
ಮೊದಲು ಬುಧವಾರ, ಈಗ ಶುಕ್ರವಾರವೂ.
ಡೈರಿಯಲ್ಲಿ 'ಮನೆಗಳ ಭೇಟಿ' ಎಂದು ಬರೆಯುತ್ತೇನೆ. ಸುಳ್ಳು.

ಸುಟ್ಟ ಕಾಯಿಲನ್ನು ಉಳಿಯಿಂದ ಕತ್ತರಿಸಿ ಎಳೆಯಬೇಕು.
ಬೆಲ್ಲ ಸೀದಂಥ ವಾಸನೆ.
ಹಳೇ ತಾಮ್ರವನ್ನು ತೂಗಿ,
ಎಷ್ಟಿತ್ತೋ ಅಷ್ಟೇ ಹೊಸದು ಸುತ್ತಬೇಕು.
ನಾನು ಬಾಯಿ ತೆರೆಯುವಷ್ಟರಲ್ಲಿ ಸಾಬರು ಬೆರಳೆತ್ತಿದರು:
"ಇದನ್ನ ಪ್ರಸಂಗಕ್ಕೆ ಹಾಕ್ಕಬೇಡಿ ಅಯ್ನೋರೆ.
ಮೋಟ್ರು ಮೋಟ್ರೇ."

ಹೇಗೆ ತಿಳಿಯಿತೋ. ಹದಿನಾರು ವರ್ಷದಿಂದ
ನನ್ನ ಕಣ್ಣಿಗೆ ಯಾವುದೂ ತಾನಾಗಿ ಉಳಿದಿಲ್ಲ.
ಒಡೆದ ಕೊಡ ಕಂಡರೆ ಉದಾಹರಣೆ,
ಮಗಳ ಹಾಲುಹಲ್ಲು ಬಿದ್ದರೆ ಅದರಲ್ಲಿ ಮೂರು ಅಂಶ.
ಪ್ರತಿ ಈಸ್ಟರಿಗೆ ನನಗೊಂದು ಬನಿಯನ್ ತಂದುಕೊಡುತ್ತಿದ್ದ
ಜೀವರತ್ನಮ್ಮನ ಹೆಣದ ಮುಂದೆ ನಿಂತಾಗಲೂ
ಅಳುವಿಗಿಂತ ಮೊದಲು ವಚನ ಬಂತು.
ಆ ರಾತ್ರಿ ಹೆದರಿದೆ.

ಇಪ್ಪತ್ತೆರಡಕ್ಕೆ ಕರೆ ಬಂತು ನನಗೆ. ನಿಜವಾಗಿ ಬಂತು,
ಈಗಲೂ ಅಲ್ಲಗಳೆಯಲಾರೆ.
ಆಮೇಲೆ ಬಂದವೆಲ್ಲ ಬರೀ ಕರೆಗಳು:
ಸಮಾಧಿ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ,
ಹೊಸ ಆಕ್ಟಿವಾಕ್ಕೊಂದು ಪ್ರಾರ್ಥನೆ ಮಾಡಿ ಹೋಗಿ,
ಯೆಶಾಯನಿಗೂ ಖಜಾಂಚಿ ದಾನಿಯೇಲಪ್ಪನಿಗೂ ಮತ್ತೆ ಮಾತಿಲ್ಲ,
ಕೀಬೋರ್ಡಿನ ಹುಡುಗ ನಾಳೆ ಬರುವುದಿಲ್ಲವಂತೆ,
ನಮ್ಮನೆಯವರು ಹೊಡೆದರು, ಯಾರಿಗೂ ಹೇಳಬೇಡಿ,
ಅಪ್ಪ ಹೋಗ್ಬಿಟ್ರು ಅಯ್ನೋರೆ, ಈಗ ತಾನೆ.
ಎಲ್ಲಕ್ಕೂ ಒಂದೇ ರಿಂಗ್‌ಟೋನು.

ಬಿಷಪ್ಪರಿಗೆ ಕಾಗದ ಬರೆದಿಟ್ಟಿದ್ದೇನೆ
ಮದುವೆ ಪ್ರಕಟಣೆಯ ಫಾರಮಿನ ಹಿಂಬದಿ.
'ಆರೋಗ್ಯದ ಕಾರಣ' ಎಂದು ಬರೆದು ಹೊಡೆದುಹಾಕಿದೆ.
'ವಿಶ್ವಾಸದ ಕಾರಣ' ಎಂದೆ, ಅದನ್ನೂ.
ವಿಶ್ವಾಸ ಚೆನ್ನಾಗಿಯೇ ಇದೆ, ನನ್ನ ಹಾಗೆ ಸೊರಗಿಲ್ಲ.
ನೈಟ್ ಡ್ಯೂಟಿ ಮುಗಿಸಿ ಬಂದ ವಿನೋದಿನಿ
ನಿಂತಲ್ಲೇ ಓದಿದಳು. ಬೂಟು ಬಿಚ್ಚುತ್ತ ಅಂದಳು:
"ಕ್ವಾರ್ಟರ್ಸ್ ಖಾಲಿ ಮಾಡಬೇಕಾಗತ್ತೆ. ಬಾಡಿಗೆ ಮನೆ ನೋಡು.
ನಲ್ಲಿ ಒಳಗಿರಲಿ."
ಆಮೆನ್ ಅಂದೆ. ತಮಾಷೆಗಲ್ಲ.

ಮೀಟರಿನ ಎರಡು ಮುಳ್ಳು ತಾಗಿಸಿದರೆ ಕುಯ್ ಎನ್ನುತ್ತದೆ,
ಇಲ್ಲವೆ ಎನ್ನುವುದಿಲ್ಲ.
ಮೂವತ್ತೆಂಟು ಮನೆಗಳ ಬಾಗಿಲಲ್ಲಿ
ಇಂಥದೊಂದು ಬೇಕಿತ್ತು ನನಗೆ.

ವಾರ್ನಿಷ್ ಕುಡಿಸಿದ ಮೇಲೆ ಮೋಟಾರಿನ ಹೊಟ್ಟೆಯೊಳಗೆ
ಇನ್ನೂರು ಕ್ಯಾಂಡಲಿನ ಬಲ್ಬು ಇಳಿಬಿಟ್ಟು
ರಾತ್ರಿಯೆಲ್ಲ ಒಣಗಿಸುತ್ತಾರೆ.
ಕರೆಂಟಿನ ಬೇರೆ ದೀಪವಿಲ್ಲದ ಅಂಗಡಿಯಲ್ಲಿ
ಕಬ್ಬಿಣದ ಒಳಗೆ ಬೆಳಕು.
ನೋಡಿದೆ. ನಾಲಿಗೆಯ ತುದಿಗೆ ಬಂತು.
ನುಂಗಿದೆ.
ಬಲ್ಬು ಬಲ್ಬೇ.

ಇವತ್ತು ಮೊದಲ ಸಲ ಹಿಡಿಯನ್ನು ನನ್ನ ಕೈಗೆ ಕೊಟ್ಟರು.
ಕೌಂಟರು ಕೆಟ್ಟಿದೆ, ಬಾಯಲ್ಲೇ ಎಣಿಸಬೇಕು.
ನಲವತ್ತಕ್ಕೆ ತಪ್ಪಿದೆ. ಬಿಚ್ಚಿ ಮತ್ತೆ ಒಂದರಿಂದ.
ತಂತಿ ಬೆರಳ ಸಂದಿಯಲ್ಲಿ ಬಿಸಿಯಾಗಿ ಓಡುತ್ತಿತ್ತು.
ಐವತ್ತೇಳು, ಐವತ್ತೆಂಟು. ಜೇಬಿನಲ್ಲಿ ಫೋನು ನಡುಗಿತು.
ಸಾಬರು ನನ್ನ ಜೇಬಿಗೆ ಕೈಹಾಕಿ ತೆಗೆದು ಕಿವಿಗಿಟ್ಟು
"ಅಯ್ನೋರು ಎಣಿಸ್ತಾ ಅವ್ರೆ" ಅಂದರು. "ಆಮ್ಯಾಕೆ ಮಾಡಿ."
ಆದರೆ ಇಡಲಿಲ್ಲ, ಕೇಳುತ್ತ ನಿಂತರು.
ಆಚೆ ಕಡೆ ಯಾರೋ ಅಳುತ್ತಿದ್ದರು,
ಅಥವಾ ನಗುತ್ತಿದ್ದರು.
ಅರವತ್ತೊಂದು.
ಅರವತ್ತೆರಡು.